‘ಹೈ ರಿಸ್ಕ್’ ಎಂದು ವರದಿ ಬಂದರೆ

ಮೂರನೇ ತಿಂಗಳ ಡಬಲ್ ಮಾರ್ಕರ್ ವರದಿಯಲ್ಲಿ ‘ಡೌನ್ ಸಿಂಡ್ರೋಮ್ ಹೈ ರಿಸ್ಕ್, 1:150’ ಎಂದು ಕಂಡರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಆ ಅಂಕಿಯನ್ನು ಬಿಡಿಸಿ ಓದಿ: ಇಂಥ ವರದಿ ಬಂದ 150 ಬಸುರಿಯರಲ್ಲಿ ಸುಮಾರು 149 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ. ಇದು ಜರಡಿ ಹಿಡಿಯುವ ಪರೀಕ್ಷೆ ಮಾತ್ರ.

ದುಬಾರಿ ಎನ್‌ಐಪಿಟಿಯೂ ಜರಡಿಯೇ, ಕಣ್ಣು ಇನ್ನೂ ಸಣ್ಣದು. ಹತ್ತು ವಾರ ತುಂಬಿದ ಮೇಲೆ ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ಪರೀಕ್ಷಿಸುತ್ತಾರೆ. ಅವುಗಳಲ್ಲಿ ಮಗುವಿನವೆಂದು ಎಣಿಸುವ ಚೂರುಗಳು ಬರುವುದು ಮಾಸಿನಿಂದ. ಮಾಸಿನಲ್ಲಿರುವ ದೋಷ ಮಗುವಿನಲ್ಲಿ ಇಲ್ಲದಿರುವುದೂ ಉಂಟು. ಇದೊಂದನ್ನೇ ನಂಬಿ ಗರ್ಭ ತೆಗೆಸಬಾರದು. ಖಚಿತ ಉತ್ತರಕ್ಕೆ 15 ವಾರದ ನಂತರ ಸೂಜಿಯಿಂದ ಗರ್ಭದ ನೀರು ತೆಗೆದು ಮಾಡುವ ಆಮ್ನಿಯೊಸೆಂಟೆಸಿಸ್ ಬೇಕು. ಅದರಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ. ಅದನ್ನು ವಿವರಿಸಿ, ಬಸುರಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಪ್ರತಿಯನ್ನು ಆಕೆಗೆ ಕೊಡಬೇಕೆಂದು ಪ್ರಸವಪೂರ್ವ ಪರೀಕ್ಷೆಗಳ 1994ರ ಕಾಯ್ದೆ ಹೇಳುತ್ತದೆ. ಇಂಗ್ಲಿಷ್ ಹಾಳೆ ಮುಂದಿಟ್ಟರೆ ಕನ್ನಡದ್ದು ಕೊಡಿ ಎನ್ನಿ. ಪರೀಕ್ಷೆಯೇ ಬೇಡವೆನ್ನುವುದೂ ಆಕೆಯ ಹಕ್ಕು.

ವರದಿ ಕೈಸೇರಲು ವಾರಗಳೇ ಹಿಡಿಯಬಹುದು, ಕಾನೂನಿನ ಗಡುವು ಮರೆಯುವಂತಿಲ್ಲ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಗರ್ಭ ತೆಗೆಸಲು 20 ವಾರದವರೆಗೆ ಒಬ್ಬ ವೈದ್ಯರ, ಭ್ರೂಣದ ಗಂಭೀರ ನ್ಯೂನತೆಯಂಥ ಸಂದರ್ಭಗಳಲ್ಲಿ 24ರವರೆಗೆ ಇಬ್ಬರ ಅಭಿಪ್ರಾಯ ಬೇಕು. ಆಮೇಲೆ ನ್ಯೂನತೆಯನ್ನು ವೈದ್ಯಕೀಯ ಮಂಡಳಿ ದೃಢಪಡಿಸಬೇಕು. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.

ತೀರ್ಮಾನಕ್ಕೆ ಮುನ್ನ ಡೌನ್ ಸಿಂಡ್ರೋಮ್ ಇರುವ ಮಗುವನ್ನು ಸಾಕುತ್ತಿರುವ ತಂದೆತಾಯಿಯನ್ನು ಕಂಡು ಮಾತಾಡಿ. ಶಾಲೆಗೆ ಹೋಗಿ, ಕೆಲಸ ಕಲಿತು ನೆಲೆ ಕಂಡವರಿದ್ದಾರೆ. ಹುಟ್ಟುತ್ತಲೇ ಹೃದಯದ ಶಸ್ತ್ರಚಿಕಿತ್ಸೆ ಬೇಕಾದವರೂ ಇದ್ದಾರೆ. ನಿಮ್ಮ ಮಗು ಹೇಗಿರುತ್ತದೆಂದು ಪರೀಕ್ಷೆ ಹೇಳುವ ಕ್ರೋಮೋಸೋಮಿನ ಎಣಿಕೆಯಿಂದ ತಿಳಿಯುವುದಿಲ್ಲ. ಸುತ್ತಲಿನವರು ಆತುರಪಡಿಸುವುದು ಈ ಹೊತ್ತಿನಲ್ಲೇ, ಅದು ಅನ್ಯಾಯ.

ಎನ್‌ಐಪಿಟಿಗೆ ಕೊಟ್ಟ ರಕ್ತದಲ್ಲೇ ಮಗು ಹೆಣ್ಣೋ ಗಂಡೋ ಎಂಬುದೂ ತಿಳಿಯುತ್ತದೆ. ಅದೇ 1994ರ ಕಾಯ್ದೆ ಅದನ್ನು ಸನ್ನೆಯಲ್ಲೂ ಹೇಳಬಾರದೆನ್ನುತ್ತದೆ. ಹೇಳಿಸಿಕೊಳ್ಳಲು ಹೋದ ಮನೆಯವರಿಗೂ ಮೂರು ವರ್ಷದವರೆಗೆ ಜೈಲು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದದ್ದು 2023ರಲ್ಲಿ. ಈ ಕಾಯ್ದೆ ಏಕೆ ಸಡಿಲವಾಗಬಾರದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಡಬಲ್ ಮಾರ್ಕರ್ ಹಿಡಿಯದ ಇನ್ನೊಂದು ಆನುವಂಶಿಕ ಕಾಯಿಲೆ, ರಕ್ತದ ಥಲಸೀಮಿಯ. ದಂಪತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಮೊದಲ ತಪಾಸಣೆಯಲ್ಲೇ ಎಚ್‌ಬಿಎ2 ರಕ್ತಪರೀಕ್ಷೆ ಕೇಳಿ. ಬಸುರಿ ವಾಹಕಳೆಂದು ತಿಳಿದರೆ ಗಂಡನೂ ಅದೇ ವಾರ ರಕ್ತ ಕೊಡಲಿ.