ಹದಿನೈದು ತಿಂಗಳ ಶುಶ್ರೂಷಾ ಪದವಿ

ಬಲಿತ ಮಾವಿನ ಕಾಯಿಯನ್ನು ಮರದಿಂದಿಳಿಸಿ, ಒಣಹುಲ್ಲಿನ ನಡುವೆ ಅಡೆ ಹಾಕಿ ಬೇಗನೆ ಹಣ್ಣು ಮಾಡುವ ವಿದ್ಯೆ ನಮ್ಮ ರೈತರಿಗೆ ಬಹುಕಾಲದಿಂದ ತಿಳಿದಿದೆ. ಎಳೆಯ ಕಾಯಿಯನ್ನು ಹೀಗೆ ಅಡೆಗೆ ಹಾಕಿದರೆ ಅದು ಸುಕ್ಕುಗಟ್ಟುವುದೇ ಹೊರತು ಹಣ್ಣಾಗುವುದಿಲ್ಲ. ವಿದ್ಯೆಯ ವಿಷಯದಲ್ಲಿಯೂ ಈ ಮಾತು ಸಲ್ಲುವುದೆಂದು ತೋರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈಗ ನೂರಾರು ಕಾಲೇಜುಗಳು, ಬೇರೊಂದು ವಿಷಯದಲ್ಲಿ ಈಗಾಗಲೇ ಪದವಿ ಪಡೆದವರಿಗೆ ೧೧ರಿಂದ ೧೮ ತಿಂಗಳೊಳಗೆ ಶುಶ್ರೂಷಾ ಶಾಸ್ತ್ರದ ಪದವಿಯನ್ನು ಕೊಡುತ್ತಿವೆ. ಚರಿತ್ರೆಯನ್ನೋ ವಾಣಿಜ್ಯವನ್ನೋ ಓದಿದ್ದವರು ಒಂದೂಕಾಲು ವರ್ಷದಲ್ಲಿ ನರ್ಸುಗಳಾಗಿ ಹೊರಬರುತ್ತಾರೆ. ನಾಲ್ಕು ವರ್ಷಗಳ ವ್ಯಾಸಂಗ ಇಷ್ಟು ಕಿರಿದಾದುದು ಹೇಗೆ? ಈ ಮಾರ್ಗವನ್ನು ಹಿಡಿಯುವವರು ಏನನ್ನು ನಿರೀಕ್ಷಿಸಬೇಕು? ಅವರ ಕೈಗೆ ತನ್ನನ್ನು ಒಪ್ಪಿಸಿಕೊಳ್ಳುವ ರೋಗಿ ನಿಶ್ಚಿಂತನಾಗಿರಬಹುದೆ?

ಕೊನೆಯ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಪೆನ್ಸಿಲ್ವೇನಿಯ ಪ್ರಾಂತದ ೧೬೮ ಆಸ್ಪತ್ರೆಗಳನ್ನು ಕುರಿತು ಲಿಂಡಾ ಐಕೆನ್ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪದವೀಧರ ನರ್ಸುಗಳ ಪ್ರಮಾಣ ಶೇಕಡ ೧೦ರಷ್ಟು ಹೆಚ್ಚಾಗಿದ್ದ ಕಡೆ, ಶಸ್ತ್ರಚಿಕಿತ್ಸೆಗೊಳಗಾದ ರೋಗಿಗಳು ಮೂವತ್ತು ದಿನಗಳೊಳಗೆ ಮರಣ ಹೊಂದುವ ಸಂಭವ ಶೇಕಡ ೫ರಷ್ಟು ಕಡಿಮೆಯಿದ್ದಿತು. ಪದವಿಯೊಂದೇ ಇದಕ್ಕೆ ಕಾರಣವೆಂದು ಈ ಅಂಕಿಗಳಿಂದ ಸಿದ್ಧವಾಗದು. ಆದರೆ ನರ್ಸಿನ ಶಿಕ್ಷಣಕ್ಕೂ ರೋಗಿಯ ಪ್ರಾಣಕ್ಕೂ ಸಂಬಂಧವುಂಟೆಂಬುದನ್ನು ಇವು ಸೂಚಿಸುತ್ತವೆ.

ಯುದ್ಧಕಾಲದ ಅವಸರ

ಈ ತ್ವರೆ ಮೊದಲು ಹುಟ್ಟಿದ್ದು ಯುದ್ಧಕಾಲದಲ್ಲಿ. ೧೯೧೮ರ ಬೇಸಗೆಯಲ್ಲಿ ನ್ಯೂಯಾರ್ಕ್ ಪ್ರಾಂತದ ವಾಸರ್ ಕಾಲೇಜಿನಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಪದವೀಧರೆಯರನ್ನು ಕೂಡಿಸಿ, ಹನ್ನೆರಡು ವಾರಗಳಲ್ಲಿ ಶುಶ್ರೂಷೆಗೆ ಬೇಕಾದ ವಿಜ್ಞಾನಗಳನ್ನು ಕಲಿಸಲಾಯಿತು. ಅನಂತರ ಅವರು ಆಸ್ಪತ್ರೆಗಳಿಗೆ ಹೋದರು. ವಿದ್ಯಾವಂತೆಯರೆಂಬ ಕಾರಣದಿಂದ ಮೂರು ವರ್ಷಗಳ ತರಬೇತು ಅವರಿಗೆ ಸುಮಾರು ಎರಡೂಕಾಲು ವರ್ಷಕ್ಕೆ ಇಳಿಯಿತು. ಎರಡನೆಯ ಮಹಾಯುದ್ಧದಲ್ಲಿ, ೧೯೪೩ರಲ್ಲಿ, ಸರ್ಕಾರವೇ ಕೆಡೆಟ್ ನರ್ಸ್ ಕೋರ್ ಎಂಬ ದಳವನ್ನು ಸ್ಥಾಪಿಸಿ ೩೬ ತಿಂಗಳ ಶಿಕ್ಷಣವನ್ನು ೩೦ ತಿಂಗಳಿಗೆ ಮೊಟಕುಗೊಳಿಸಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಇದರ ಮೂಲಕ ನರ್ಸುಗಳಾದರು. ಶಾಂತಿಕಾಲದಲ್ಲಿ, ಬೇರೆ ವಿಷಯದ ಪದವೀಧರರಿಗೆಂದೇ ತ್ವರಿತ ಶುಶ್ರೂಷಾ ಪದವಿಯನ್ನು ಏರ್ಪಡಿಸಿದ ಕೀರ್ತಿ ೧೯೭೧ರಲ್ಲಿ ಸೇಂಟ್ ಲೂಯಿ ವಿಶ್ವವಿದ್ಯಾಲಯಕ್ಕೆ ಸಂದಿತು.

ಕಡಿತವಾದದ್ದು ಯಾವುದು?

ಒಂದು ಸಣ್ಣ ಲೆಕ್ಕ ಮಾಡಿದರೆ ಈ ವ್ಯಾಸಂಗದ ಗುಟ್ಟು ಬಯಲಾಗುತ್ತದೆ. ಅಮೆರಿಕದ ನಾಲ್ಕು ವರ್ಷಗಳ ಶುಶ್ರೂಷಾ ಪದವಿಯಲ್ಲಿ ಹೆಚ್ಚುಕಡಮೆ ಮೊದಲ ಎರಡು ವರ್ಷಗಳು ಭಾಷೆ, ಸಮಾಜಶಾಸ್ತ್ರ, ಮೂಲವಿಜ್ಞಾನಗಳಿಗೆ ಮೀಸಲು. ಹಿಂದೆಯೇ ಪದವಿ ಪಡೆದವರು ಇವುಗಳಲ್ಲಿ ಬಹುಭಾಗವನ್ನು ಮುಗಿಸಿರುತ್ತಾರೆ. ಉಳಿದ ಎರಡು ವರ್ಷಗಳಲ್ಲಿ ನಾಲ್ಕು ಸೆಮಿಸ್ಟರುಗಳು. ಒಂದೊಂದಕ್ಕೆ ಸುಮಾರು ೧೫ ವಾರಗಳೆಂದರೆ ಒಟ್ಟು ೬೦ ವಾರಗಳ ಪಾಠ. ಎರಡು ವರ್ಷಗಳಲ್ಲಿ ಇರುವುದು ೧೦೪ ವಾರಗಳು. ಮಿಕ್ಕ ೪೪ ವಾರಗಳು ರಜೆ! ಈ ರಜೆಯನ್ನು ತೆಗೆದುಹಾಕಿದರೆ ಅರುವತ್ತು ವಾರಗಳ ಪಾಠ ೧೫ ತಿಂಗಳ ಅವಧಿಯಲ್ಲಿ ಅಡಗುತ್ತದೆ. ೧೨ ತಿಂಗಳ ಕ್ರಮದಲ್ಲಿ ದಿನದಿನದ ಪಾಠವೂ ಅಷ್ಟಷ್ಟು ಹೆಚ್ಚಬೇಕಾಗುತ್ತದೆ. ಕಡಿತವಾದದ್ದು ಮುಖ್ಯವಾಗಿ ವಿಶ್ರಾಂತಿ, ವಿದ್ಯೆಯಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಷ್ಟಸುಖಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಬಾಗಿಲಿನಲ್ಲಿಯೇ ಮೊದಲ ಪರೀಕ್ಷೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಮೊದಲಾದವನ್ನು ಓದಿ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾಗಿರಬೇಕು. ಸಾಹಿತ್ಯದ ಪದವೀಧರರು ಇವಕ್ಕಾಗಿ ಮೊದಲೇ ಒಂದು ವರ್ಷವನ್ನೋ ಅದಕ್ಕಿಂತ ಹೆಚ್ಚನ್ನೋ ವ್ಯಯಮಾಡಬೇಕಾಗಬಹುದು. ಆ ಕಾಲ ಜಾಹೀರಾತಿನ ಹದಿನೈದು ತಿಂಗಳಲ್ಲಿ ಸೇರಿರುವುದಿಲ್ಲ. ಅಡೆಗೆ ಹಾಕುವ ಕಾಯಿ ಬಲಿತಿರಬೇಕೆಂದು ನಾವು ಹೇಳಿದ್ದು ಇದಕ್ಕಾಗಿಯೇ.

ಪ್ರಯೋಗಶಾಲೆಯಿಂದ ಹಾಸಿಗೆಯ ಬಳಿಗೆ

ಮೊದಲ ವಾರಗಳಲ್ಲಿಯೇ ವಿದ್ಯಾರ್ಥಿ ನಾಡಿ ಹಿಡಿಯುವುದನ್ನೂ, ರಕ್ತದ ಒತ್ತಡವನ್ನು ಅಳೆಯುವುದನ್ನೂ, ಗಾಯಕ್ಕೆ ಸೋಂಕು ತಗಲದಂತೆ ಕಟ್ಟು ಕಟ್ಟುವುದನ್ನೂ ಕಲಿಯತೊಡಗುತ್ತಾನೆ. ಇದಕ್ಕಾಗಿ ಉಸಿರಾಡುವ, ಎದೆ ಬಡಿಯುವ ಯಾಂತ್ರಿಕ ಗೊಂಬೆಗಳುಂಟು. ಗೊಂಬೆಯ ಉಸಿರು ಕಟ್ಟಿದಾಗ ತಪ್ಪು ಮಾಡಿದರೆ ನಾಚಿಕೆಯಷ್ಟೇ ಫಲ, ಜೀವಹಾನಿಯಿಲ್ಲ. ಹತ್ತು ಶಿಕ್ಷಣಕ್ರಮಗಳಲ್ಲಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಪ್ರಯೋಗದಲ್ಲಿ, ಆಸ್ಪತ್ರೆಯ ಅಭ್ಯಾಸದ ಅರ್ಧದಷ್ಟನ್ನು ಇಂಥ ಅನುಕರಣ ಪಾಠಗಳಿಂದ ತುಂಬಿದರೂ, ಅವುಗಳನ್ನು ಸಮರ್ಥರಾದವರು ನಡೆಸಿದಲ್ಲಿ, ಫಲಿತಾಂಶ ಕೆಡಲಿಲ್ಲವೆಂದು ಕಂಡುಬಂದಿತು.

ಕೆಲವೇ ವಾರಗಳಲ್ಲಿ ಆಸ್ಪತ್ರೆಯ ಅಭ್ಯಾಸ ಆರಂಭವಾಗುತ್ತದೆ. ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳು, ಹೆರಿಗೆ, ಮಕ್ಕಳ ವಿಭಾಗ, ಮಾನಸಿಕ ರೋಗಗಳು, ಸಾರ್ವಜನಿಕ ಆರೋಗ್ಯ ಇವೆಲ್ಲವನ್ನೂ ಸರದಿಯಂತೆ ಸುತ್ತಬೇಕು. ಪಾಳಿ ಎಂಟು ಗಂಟೆಯದಿರಬಹುದು, ಹನ್ನೆರಡು ಗಂಟೆಯದೂ ಇರಬಹುದು. ಬೆಳಗಿನ ಪಾಳಿಗೆ ನಸುಕಿನಲ್ಲಿಯೇ ಎದ್ದು ಹೊರಡಬೇಕು. ರಾತ್ರಿಯ ನರ್ಸಿನಿಂದ ರೋಗಿಯ ವರದಿಯನ್ನು ಕೇಳಿಕೊಂಡು, ಶಿಕ್ಷಕರ ಕಣ್ಣೆದುರಿನಲ್ಲಿ ಒಬ್ಬಿಬ್ಬರು ರೋಗಿಗಳನ್ನು ನೋಡಿಕೊಳ್ಳಬೇಕು. ಮನೆಗೆ ಬಂದ ಮೇಲೆ ಮರುದಿನದ ಪಾಠವಿದ್ದೇ ಇದೆ.

ಇಲ್ಲಿ ಬೇಕಾಗುವ ಲೆಕ್ಕದ ಒಂದು ಮಾದರಿಯನ್ನು ವಾಚಕರು ನೋಡಬಹುದು. ಒಂದು ಲೀಟರ್ ಲವಣದ್ರಾವಣವನ್ನು ಎಂಟು ಗಂಟೆಗಳಲ್ಲಿ ರೋಗಿಯ ರಕ್ತನಾಳಕ್ಕೆ ಇಳಿಸಬೇಕು. ನಳಿಕೆಯಿಂದ ಒಂದು ಮಿಲಿಲೀಟರಿಗೆ ೧೫ ಹನಿಗಳು ಬೀಳುತ್ತವೆ. ನಿಮಿಷಕ್ಕೆ ಎಷ್ಟು ಹನಿ? ಸಾವಿರವನ್ನು ೧೫ರಿಂದ ಗುಣಿಸಿದರೆ ೧೫,೦೦೦ ಹನಿಗಳು. ಎಂಟು ಗಂಟೆಗಳಲ್ಲಿರುವ ೪೮೦ ನಿಮಿಷಗಳಿಂದ ಭಾಗಿಸಿದರೆ ಸುಮಾರು ೩೧. ಈಗ ಹನಿಯನ್ನು ನಿಯಂತ್ರಿಸುವ ಯಂತ್ರಗಳಿವೆಯಾದರೂ ಯಂತ್ರಕ್ಕೆ ಅಂಕಿಯನ್ನು ತಿಳಿಸುವವರು ನರ್ಸುಗಳೇ. ದಶಾಂಶಬಿಂದು ಒಂದು ಸ್ಥಾನ ಸರಿದರೆ ಇನ್ಸುಲಿನ್ ಹತ್ತರಷ್ಟಾಗುತ್ತದೆ. ಪೊಟಾಸಿಯಂ ಕ್ಲೋರೈಡಿನ ಗಾಢದ್ರಾವಣವನ್ನು ನೀರು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗುತ್ತದೆ. ಆದುದರಿಂದಲೇ ಇತರ ಪರೀಕ್ಷೆಗಳಲ್ಲಿ ಸಾಲುವ ಅಂಕ ಔಷಧದ ಲೆಕ್ಕದಲ್ಲಿ ಸಾಲದು. ಅನೇಕ ಕಾಲೇಜುಗಳು ನೂರಕ್ಕೆ ತೊಂಬತ್ತನ್ನೋ ಅದಕ್ಕೂ ಮಿಗಿಲಾದುದನ್ನೋ ಕೇಳುತ್ತವೆ.

ವಿಶ್ರಾಂತಿಯ ಬೆಲೆ

ರಜೆ ಹೋದರೆ ನಷ್ಟವೇನು ಎಂದು ಕೇಳಬಹುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ೧೮೮೫ರಲ್ಲಿ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳಿಂದ ಎರಡು ಸಂಗತಿಗಳನ್ನು ತೋರಿಸಿದನು. ಕಲಿತದ್ದರ ಹೆಚ್ಚು ಪಾಲು ಮೊದಮೊದಲೇ ಮರೆತುಹೋಗುತ್ತದೆ; ಒಂದೇ ಬಾರಿಗೆ ಉರುಹೊಡೆಯುವುದಕ್ಕಿಂತ ದಿನಗಳ ಅಂತರವಿಟ್ಟು ಮರಳಿ ಓದುವುದು ಹೆಚ್ಚು ಫಲಕಾರಿ. ದಿನದ ಅನುಭವ ನೆನಪಾಗಿ ನೆಲೆಗೊಳ್ಳುವುದಕ್ಕೆ ನಿದ್ರೆ ನೆರವಾಗುತ್ತದೆಂದು ಈಚಿನ ಸಂಶೋಧನೆಗಳೂ ಹೇಳುತ್ತವೆ. ತ್ವರಿತ ವ್ಯಾಸಂಗದಲ್ಲಿ ಈ ಅಂತರವೂ ನಿದ್ರೆಯೂ ಎರಡೂ ಸಂಕಟಕ್ಕೆ ಸಿಕ್ಕುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣುಮುಚ್ಚದೆ ಓದಿ ಪದವಿ ಪಡೆದ ಜಾಣರು ಇಲ್ಲಿ ತಮ್ಮ ಹಳೆಯ ಅಭ್ಯಾಸವನ್ನು ಬಿಡಬೇಕು. ದಿನಕ್ಕೆ ಸ್ವಲ್ಪವಾದರೂ ಹಿಂದಿನ ಪಾಠವನ್ನು ಮೆಲುಕುಹಾಕಬೇಕು; ನಿದ್ರೆಯ ಹೊತ್ತನ್ನು ಪಾಠದ ಹೊತ್ತಿನಷ್ಟೇ ಕಟ್ಟುನಿಟ್ಟಾಗಿ ಕಾಪಾಡಿಕೊಳ್ಳಬೇಕು.

ಮನೆಯವರ ಪಾಲೂ ಇದರಲ್ಲಿದೆ. ವ್ಯಾಸಂಗದ ಕಾಲದಲ್ಲಿ ಬೇರೆ ಉದ್ಯೋಗ ಮಾಡಬಾರದೆಂದು ಅನೇಕ ಕಾಲೇಜುಗಳು ಬುದ್ಧಿ ಹೇಳುತ್ತವೆ. ಸಂಬಳವಿಲ್ಲದೆ ಒಂದು ವರ್ಷ ಸಂಸಾರ ಸಾಗುವುದು ಹೇಗೆ, ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಸೇರುವ ಮೊದಲೇ ನಿಷ್ಕರ್ಷಿಸಿಕೊಳ್ಳಬೇಕು. ನಡುವೆ ಒಂದು ವಾರ ಜ್ವರ ಬಂದು ಮಲಗಿದರೂ ಹಿಂದುಳಿದದ್ದನ್ನು ತುಂಬಿಕೊಳ್ಳಲು ಬಿಡುವು ದೊರೆಯುವುದು ಕಷ್ಟ.

ಕೊನೆಯ ಹೊಸ್ತಿಲು

ಪದವಿ ಬಂದ ಮಾತ್ರಕ್ಕೆ ನರ್ಸಾಗುವಂತಿಲ್ಲ. ನಾಲ್ಕು ವರ್ಷ ಓದಿದವರೂ ಹದಿನೈದು ತಿಂಗಳು ಓದಿದವರೂ ಎನ್‌ಕ್ಲೆಕ್ಸ್ ಎಂಬ ಒಂದೇ ಪರವಾನಗಿ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಈ ಪರೀಕ್ಷೆಯನ್ನು ಕಂಪ್ಯೂಟರು ನಡೆಸುತ್ತದೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಾದರೆ ಸುಲಭವಾಗುತ್ತದೆ. ಹೀಗೆ ತೂಗಿ ನೋಡುತ್ತ, ಅಭ್ಯರ್ಥಿಯ ಯೋಗ್ಯತೆ ಗೊತ್ತಾದ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಶೇಕಡ ೯೫ರಷ್ಟು ನಿಶ್ಚಯವಾದೊಡನೆ ಯಂತ್ರ ನಿಲ್ಲಿಸುತ್ತದೆ. ೨೦೨೩ರಲ್ಲಿ ಜಾರಿಗೆ ಬಂದ ಕ್ರಮದಲ್ಲಿ ಪ್ರಶ್ನೆಗಳು ೮೫ಕ್ಕೆ ಕಡಮೆಯಿಲ್ಲ, ೧೫೦ಕ್ಕೆ ಹೆಚ್ಚಿಲ್ಲ. ಅವಧಿ ಐದು ಗಂಟೆ. ಓದಿದ್ದು ಎಷ್ಟು ತಿಂಗಳೆಂದು ಯಂತ್ರ ಕೇಳುವುದಿಲ್ಲ.

ನಮ್ಮ ದೇಶದಲ್ಲಿ ಶುಶ್ರೂಷೆಯ ಬಿ.ಎಸ್‌ಸಿ. ಪದವಿಗೆ ನಾಲ್ಕು ವರ್ಷಗಳು ಬೇಕು. ಡಿಪ್ಲೊಮಾ ಪಡೆದ ನರ್ಸುಗಳಿಗೆ ಎರಡು ವರ್ಷಗಳ ಪದವಿಯುಂಟು. ಅಲ್ಲಿ ಕಾಲ ಉಳಿಯುವುದು ಹಿಂದೆ ಕಲಿತ ಶುಶ್ರೂಷೆಯಿಂದ. ಅಮೆರಿಕದ ತ್ವರಿತ ಕ್ರಮದಲ್ಲಿ ಉಳಿಯುವುದು ಹಿಂದೆ ಕಲಿತ ಇತರ ವಿದ್ಯೆಗಳಿಂದ ಮತ್ತು ಬಿಟ್ಟುಕೊಟ್ಟ ರಜೆಯಿಂದ. ಆದುದರಿಂದ ಹೊಸ ನರ್ಸು ಪದವಿಯನ್ನೇ ಕಲಿಕೆಯ ಕೊನೆಯೆಂದು ಎಣಿಸಬಾರದು. ಕೈಯ ಹದವೂ, ರೋಗಿಯ ಮುಖ ನೋಡಿದೊಡನೆ ಏನೋ ಕೆಟ್ಟಿದೆಯೆಂದು ಅರಿಯುವ ಕಣ್ಣೂ ವಾರ್ಡಿನಲ್ಲಿ ನಿಂತು ದುಡಿದಂತೆಲ್ಲ ಬರತಕ್ಕವು. ಮೊದಲ ವರ್ಷ ಹಿರಿಯ ನರ್ಸನ್ನು ಕೇಳುವುದಕ್ಕೆ ಸಂಕೋಚಪಡದವರು ಈ ಕಿರಿದಾದ ದಾರಿಯಿಂದ ಬಂದರೂ ರೋಗಿಗೆ ಭಯವಿಲ್ಲವೆಂದು ನಾವು ತಿಳಿಯುತ್ತೇವೆ.