ನೆಟ್ಟ ಕಾಡಿಗೆ ಹಕ್ಕಿ ಮರಳಿತೇ? ಆಗ್ನೇಯ ಆಸ್ಟ್ರೇಲಿಯಾದ ಎಣಿಕೆಯ ವಿಧಾನ

ಆಗ್ನೇಯ ಆಸ್ಟ್ರೇಲಿಯಾದ ಗ್ರೇಟ್ ಡಿವೈಡಿಂಗ್ ಪರ್ವತಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿ, ಇಂದು ಗೋಧಿ ಹೊಲಗಳೂ ಕುರಿಗಳ ಹುಲ್ಲುಗಾವಲುಗಳೂ ಹರಡಿರುವ ಸೀಮೆಯಲ್ಲಿ, ಒಂದು ಕಾಲಕ್ಕೆ ನೀಲಗಿರಿ ಕುಲದ ಮರಗಳ ತೆರಪು ಕಾಡು ಹಬ್ಬಿತ್ತು. ಕರ್ನಾಟಕದಲ್ಲಿ ನೀಲಗಿರಿ ಎಂದರೆ ಹೊರಗಿನಿಂದ ತಂದು ಸಾಲಾಗಿ ನೆಟ್ಟ ನೆಡುತೋಪು. ಆದರೆ ಆ ನೆಲದಲ್ಲಿ ಅದೇ ಮೂಲದ ಮರ. ಮರದಿಂದ ಮರಕ್ಕೆ ಅಂತರವಿದ್ದು, ನಡುವೆ ಹುಲ್ಲು, ಪೊದೆ, ಬಿದ್ದ ದಿಮ್ಮಿಗಳಿರುವ ಇಂಥ ಕಾಡನ್ನು ಪರಿಸರ ವಿಜ್ಞಾನದಲ್ಲಿ ವುಡ್‌ಲ್ಯಾಂಡ್ ಎಂದು ಕರೆಯುತ್ತಾರೆ. ಅದು ಬೆಳೆದಿದ್ದ ಮಣ್ಣು ಫಲವತ್ತಾಗಿದ್ದುದೇ ಅದಕ್ಕೆ ಮುಳುವಾಯಿತು. ಬಾಕ್ಸ್-ಗಮ್ ಎಂಬ ಬಗೆಯ ಕಾಡಿನಲ್ಲಿ ಸುಸ್ಥಿತಿಯಲ್ಲಿ ಉಳಿದಿರುವುದು ಮೂಲದ ಶೇ. 5ಕ್ಕಿಂತ ಕಡಿಮೆಯಾದ್ದರಿಂದ, 2006ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ ಅದನ್ನು ತೀವ್ರ ಅಳಿವಿನಂಚಿನ ಜೀವಿಸಮುದಾಯವೆಂದು ಘೋಷಿಸಿತು.

ಕಾಡಿನೊಡನೆ ಹಕ್ಕಿಗಳೂ ಕುಸಿದವು. ಹುಡೆಡ್ ರಾಬಿನ್ ಎಂಬ ಕಪ್ಪು-ಬಿಳಿ ಹಕ್ಕಿ ತಗ್ಗಿನ ಒಣಕೊಂಬೆಯ ಮೇಲೆ ಅಲುಗಾಡದೆ ಕುಳಿತು, ನೆಲದಲ್ಲಿ ಹುಳು ಕಂಡೊಡನೆ ಎರಗುತ್ತದೆ. ಕಂದು ಬಣ್ಣದ ಬ್ರೌನ್ ಟ್ರೀಕ್ರೀಪರ್ ಕಾಂಡವನ್ನು ಸುತ್ತಿ ಮೇಲೇರುತ್ತ ತೊಗಟೆಯ ಬಿರುಕುಗಳಲ್ಲಿ ಇರುವೆಗಳನ್ನು ಹೆಕ್ಕಿ, ಬಿದ್ದ ದಿಮ್ಮಿಗಳ ಮೇಲೂ ಮೇದು, ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಸೌದೆಗೆಂದು ದಿಮ್ಮಿ ಸಾಗಿಸಿ, ಅಚ್ಚುಕಟ್ಟಿಗಾಗಿ ಒಣಮರ ಕಡಿದರೆ, ಹಸಿರು ಮರಗಳು ಉಳಿದಿದ್ದರೂ ಇವುಗಳ ಬದುಕು ನಿಲ್ಲುತ್ತದೆ. ಕಾಡು ನಾಶವಾಗಿ ದಶಕಗಳಾದ ಮೇಲೂ ಉಳಿದ ತುಣುಕುಗಳಿಂದ ಹಕ್ಕಿಗಳು ಒಂದೊಂದಾಗಿ ಮರೆಯಾಗುವ ಈ ವಿದ್ಯಮಾನಕ್ಕೆ ವಿಜ್ಞಾನಿಗಳು ಅಳಿವಿನ ಸಾಲ ಎನ್ನುತ್ತಾರೆ; ಹಿಂದೆ ಮಾಡಿದ ನಾಶದ ಪರಿಣಾಮ ತಡವಾಗಿ ಪ್ರಕಟವಾಗುವುದು ಎಂದು ಅದರ ಅರ್ಥ.

ಈ ಕುಸಿತವನ್ನು ತಡೆಯಲು ರೈತರು, ಭೂಸಂರಕ್ಷಣಾ ಗುಂಪುಗಳು ಮತ್ತು ಸರ್ಕಾರಿ ಯೋಜನೆಗಳು ಸ್ಥಳೀಯ ಮರ-ಪೊದೆಗಳನ್ನು ನೆಟ್ಟು, ಉಳಿದ ಕಾಡಿಗೆ ಬೇಲಿ ಹಾಕಿ ಜಾನುವಾರುಗಳನ್ನು ಹೊರಗಿಟ್ಟಿವೆ. ಆದರೆ ಸಸಿ ಬದುಕಿದ ಮಾತ್ರಕ್ಕೆ ಕಾಡು ಮರಳಿತೆಂದು ಹೇಳುವಂತಿಲ್ಲ. ಅದನ್ನು ನಿರ್ಧರಿಸಲು ಹಕ್ಕಿಗಳನ್ನೇ ಎಣಿಸಬೇಕು. ಆಸ್ಟ್ರೇಲಿಯಾದಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ, ಸಾಮಾನ್ಯವಾಗಿ 200 ಮೀಟರ್ ಉದ್ದ ಮತ್ತು 100 ಮೀಟರ್ ಅಗಲದ, ಅಂದರೆ ಎರಡು ಹೆಕ್ಟೇರ್ ಜಾಗದಲ್ಲಿ 20 ನಿಮಿಷ ನಡೆದಾಡಿ, ಕಂಡ ಮತ್ತು ಕೂಗಿದ ಪ್ರತಿಯೊಂದು ಹಕ್ಕಿಯನ್ನೂ ದಾಖಲಿಸಲಾಗುತ್ತದೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಡೇವಿಡ್ ಲಿಂಡೆನ್‌ಮೇಯರ್ ನೇತೃತ್ವದ ತಂಡ ರೈತರ ಜಮೀನುಗಳಲ್ಲಿ ದಶಕಗಳಿಂದ ನಡೆಸುತ್ತಿರುವ ಅಧ್ಯಯನದಲ್ಲಿ, 200 ಮೀಟರ್ ರೇಖೆಯ ಎರಡು ತುದಿ ಮತ್ತು ನಡುವಿನ ಬಿಂದುವಿನಲ್ಲಿ ತಲಾ ಐದು ನಿಮಿಷ ನಿಂತು ಎಣಿಸುತ್ತಾರೆ. ಬೇರೊಂದು ದಿನ ಬೇರೊಬ್ಬರು ಅದೇ ಬಿಂದುಗಳಲ್ಲಿ ಮತ್ತೆ ಎಣಿಸುತ್ತಾರೆ. ಎಷ್ಟೇ ನುರಿತ ಕಿವಿಯೂ ಸುಮ್ಮನೆ ಕುಳಿತ ಹಕ್ಕಿಯನ್ನು ಗುರುತಿಸದೆ ಹೋಗಬಹುದಾದ್ದರಿಂದ, ಕಾಣಿಸದಿರುವುದನ್ನು ಇಲ್ಲದಿರುವುದೆಂದು ತಪ್ಪಾಗಿ ತಿಳಿಯದಂತೆ ಕಾಯುವುದು ಈ ಪುನರಾವರ್ತನೆಯ ಉದ್ದೇಶ.

ಒಂದೆರಡು ವರ್ಷದ ಅಂಕಿಗಳಿಂದ ಇಲ್ಲಿ ಏನನ್ನೂ ನಿರ್ಣಯಿಸಲಾಗದು. 1990ರ ದಶಕದ ಕೊನೆಯಿಂದ 2010ರ ಹೊತ್ತಿನವರೆಗೆ ಆ ಪ್ರದೇಶವನ್ನು ಕಾಡಿದ ದೀರ್ಘ ಬರಗಾಲದಲ್ಲಿ ಒಳ್ಳೆಯ ಕಾಡಿನ ಹಕ್ಕಿಗಳೂ ತಗ್ಗಿದವು. ಆಗ ನೆಟ್ಟ ತೋಪನ್ನಷ್ಟೇ ಎಣಿಸಿದವರು ಮಳೆಯ ಕೊರತೆಯನ್ನು ಯೋಜನೆಯ ಸೋಲೆಂದು ಭಾವಿಸಿಬಿಡಬಹುದಿತ್ತು. ಆದ್ದರಿಂದ ಏನೂ ಮಾಡದೆ ಬಿಟ್ಟ ಹುಲ್ಲುಗಾವಲನ್ನೂ ಉಳಿದಿರುವ ಹಳೆಯ ಕಾಡನ್ನೂ ನೆಟ್ಟ ಜಾಗದ ಜೊತೆಯಲ್ಲೇ ಎಣಿಸುತ್ತ ಹೋಗಬೇಕು.

ಒಟ್ಟು ಸಂಖ್ಯೆಯೂ ದಾರಿ ತಪ್ಪಿಸಬಲ್ಲದು. ನಾಯ್ಸಿ ಮೈನರ್ ಎಂಬ ಸ್ಥಳೀಯ ಜೇನುಣಿ ಹಕ್ಕಿ, ಹೆಸರು ಹೋಲುವ ನಮ್ಮ ಮೈನಾದ ನೆಂಟನಲ್ಲ, ಪೊದೆಯಿಲ್ಲದ ಬೋಳು ತೋಪುಗಳಲ್ಲಿ ಗುಂಪಾಗಿ ನೆಲೆಸಿ ಸಣ್ಣ ಹಕ್ಕಿಗಳನ್ನೆಲ್ಲ ಓಡಿಸುತ್ತದೆ. 2014ರಲ್ಲಿ ಇದರ ಅತಿಸಂಖ್ಯೆಯನ್ನೇ ಒಂದು ಪ್ರಮುಖ ಅಪಾಯವೆಂದು ಕಾನೂನಿನಡಿ ಪಟ್ಟಿಮಾಡಲಾಯಿತು. ಹಕ್ಕಿಗಳು ತುಂಬಿ ಗದ್ದಲವೆದ್ದ ತೋಪು ಆರೋಗ್ಯಕರವೆಂದು ಹೊರಗಿನವರಿಗೆ ತೋರಬಹುದು, ಆದರೆ ಯಾವ ಜಾತಿ ಎಷ್ಟಿದೆ ಎಂಬ ವಿವರ ನೋಡಿದವರಿಗೆ ಅದು ಸೋತ ತೋಪು. ಸಸಿಗಳ ನಡುವೆ ದಟ್ಟ ಪೊದೆಗಳನ್ನೂ ಬೆಳೆಸಬೇಕೆಂಬ ಸಲಹೆಗೆ ಬಲ ಬಂದುದು ಇಂಥ ಎಣಿಕೆಗಳಿಂದಲೇ.

ಕ್ಯಾನ್‌ಬೆರಾ ಸಮೀಪದ ಮಲಿಗನ್ಸ್ ಫ್ಲ್ಯಾಟ್ ಅಭಯಾರಣ್ಯ ಮತ್ತೊಂದು ಪಾಠ ಕಲಿಸಿದೆ. ಅಲ್ಲಿ ನರಿ ಮತ್ತು ಬೆಕ್ಕುಗಳು ಒಳಬಾರದಂತೆ ಬೇಲಿ ಕಟ್ಟಿ, ನೆಲದ ಬದುಕಿಗೆ ಆಸರೆಯಾಗಲೆಂದು ಸುಮಾರು 2000 ಟನ್ ದಿಮ್ಮಿಗಳನ್ನು ಹೊರಗಿನಿಂದ ತಂದು ಹರಡಲಾಯಿತು. 2009ರಲ್ಲಿ ಬ್ರೌನ್ ಟ್ರೀಕ್ರೀಪರ್ ಗುಂಪುಗಳನ್ನು ತಂದು ಬಿಟ್ಟರೂ ಅವು ಅಲ್ಲಿ ನೆಲೆಯೂರಲಿಲ್ಲ. ಬಿಟ್ಟ ಹಕ್ಕಿಗಳನ್ನು ಹಿಂಬಾಲಿಸಿ ಗಮನಿಸಿದ್ದ ಸಂಶೋಧಕರು ಆ ವೈಫಲ್ಯವನ್ನು ಪ್ರಕಟಿಸಿದರು. ಅದು ಗೆಲುವಿನ ವರದಿಗಿಂತ ಹೆಚ್ಚು ಉಪಯುಕ್ತವಾದ ಕೆಲಸ.

ನೆಟ್ಟ ಕೆಲವೇ ವರ್ಷಗಳಲ್ಲಿ ಪೊದೆಯನ್ನು ಆಶ್ರಯಿಸುವ ಸಣ್ಣ ಹಕ್ಕಿಗಳು ಬರುತ್ತವೆ. ಪೊಟರೆಯನ್ನು ನಂಬಿದ ಹಕ್ಕಿಗಳು ಅಷ್ಟು ಬೇಗ ಬರಲಾರವು, ಏಕೆಂದರೆ ನೀಲಗಿರಿ ಮರದಲ್ಲಿ ಗೂಡಿಗೆ ತಕ್ಕ ಪೊಟರೆ ಮೂಡಲು ನೂರು ವರ್ಷಕ್ಕೂ ಮೇಲೆ ಬೇಕು. ಹುಡೆಡ್ ರಾಬಿನ್ ಮತ್ತು ಬ್ರೌನ್ ಟ್ರೀಕ್ರೀಪರ್‌ಗಳ ಆಗ್ನೇಯದ ಉಪಜಾತಿಗಳು 2023ರಲ್ಲಿ ಅಪಾಯದಲ್ಲಿರುವ ಜೀವಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿದವು. ಆದ್ದರಿಂದ ಸಸಿಗೆ ಹಣ ಒದಗಿಸುವ ಪ್ರತಿಯೊಂದು ಯೋಜನೆಯೂ ಹಳೆಯ ಮರಗಳನ್ನು ಕಾಯುವುದಕ್ಕೂ, ಒಬ್ಬ ಎಣಿಕೆದಾರನ ನಂತರ ಇನ್ನೊಬ್ಬ ಅದೇ ಜಾಗದಲ್ಲಿ ಎಣಿಸುವುದಕ್ಕೂ ಮೊದಲ ದಿನವೇ ಹಣ ತೆಗೆದಿರಿಸಬೇಕು.