ಹದಿನೇಳು ನಂಬರ್ ಫಾರ್ಮು

ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಸುತ್ತ ಎಂಐಡಿಸಿ ಕೈಗಾರಿಕಾ ಪ್ರದೇಶ ಬೆಳೆದಂತೆ ಅಪಾರ್ಟ್‌ಮೆಂಟುಗಳೂ ಎದ್ದವು. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆ ಸೀಮೆಗೆ ಗಾರೆ ಕೆಲಸಕ್ಕೆ ಬರುವ ಮನೆಗಳಲ್ಲಿ ಅಪ್ಪ ಹಾಸಿಗೆ ಹಿಡಿದರೆ ಮೊದಲು ನಿಲ್ಲುವುದು ದೊಡ್ಡ ಮಗನ ಇಲ್ಲವೇ ಮಗಳ ಶಾಲೆ. ಒಂದೆರಡು ವರ್ಷ ಕಳೆದು ಮತ್ತೆ ಓದಬೇಕೆಂದರೆ ದಾರಿ ಯಾವುದು? ಅದು ವಯಸ್ಸಿನ ಮೇಲಿದೆ.

14 ತುಂಬಿಲ್ಲವಾದರೆ ವಾದವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಹತ್ತಿರದ ಸರ್ಕಾರಿ ಶಾಲೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಹಳೆ ಶಾಲೆಯ ವರ್ಗಾವಣೆ ಪತ್ರ (ಟಿ.ಸಿ.) ಬಂದಿಲ್ಲವೆಂದು ವಾಪಸ್ ಕಳಿಸುವಂತಿಲ್ಲ.

ತೊಡಕಿರುವುದು 15, 16 ಆದವರಿಗೆ. ಮಹಾರಾಷ್ಟ್ರದಲ್ಲಿ ಯಾರನ್ನು ಕೇಳಿದರೂ ಹೇಳುವುದು 17 ನಂಬರ್ ಫಾರ್ಮು: ಶಾಲೆಗೆ ಹೋಗದೆ ರಾಜ್ಯ ಮಂಡಳಿಯ ಹತ್ತನೇ ತರಗತಿ ಪರೀಕ್ಷೆಗೆ ಖಾಸಗಿಯಾಗಿ ಕೂರುವ ಅರ್ಜಿ. ಆನ್‌ಲೈನಿನಲ್ಲಿ ತುಂಬಿ, ಒಂದು ಶಾಲೆಯನ್ನು ಸಂಪರ್ಕ ಕೇಂದ್ರವಾಗಿ ಆರಿಸಿಕೊಂಡು, ಮೂಲ ಟಿ.ಸಿ.ಯನ್ನು ಅಲ್ಲಿಗೆ ಒಪ್ಪಿಸಬೇಕು. ಅರ್ಜಿಯ ಗಡುವು ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಮುಗಿಯುತ್ತದೆ. ದೀಪಾವಳಿ ಮುಗಿಸಿ ವಿಚಾರಿಸೋಣ ಅಂದವರಿಗೆ ಇನ್ನೊಂದು ವರ್ಷ ಹೋದಂತೆಯೇ. ಈ ಮಂಡಳಿಗೆ ಕನ್ನಡ ಮಾಧ್ಯಮವೂ ಉಂಟು. ಆದರೆ ಆ ಶಾಲೆಗಳು ಹೆಚ್ಚಾಗಿರುವುದು ಸೋಲಾಪುರ, ಸಾಂಗ್ಲಿಯ ಗಡಿ ತಾಲ್ಲೂಕುಗಳಲ್ಲಿ.

ದುಡಿಯುತ್ತಲೇ ಓದಬೇಕಾದವರಿಗೆ ನಾನು ಹೇಳುವುದು ಎನ್‌ಐಒಎಸ್, ಅಂದರೆ ಕೇಂದ್ರದ ಮುಕ್ತ ಶಾಲೆ. ಪುಣೆಯಲ್ಲೇ ಅದರ ಪ್ರಾದೇಶಿಕ ಕೇಂದ್ರವಿದೆ. 14 ತುಂಬಿದ್ದರೆ ಹತ್ತಕ್ಕೆ ಹೆಸರು ಹಚ್ಚಬಹುದು. ಎಂಟನೆಯದು ಪಾಸಾಗಿಲ್ಲದವರು ಹತ್ತನೆಯದನ್ನು ಓದುವಷ್ಟು ಕಲಿತಿದ್ದೇನೆಂದು ತಾವೇ ಬರೆದುಕೊಟ್ಟರೂ ಸಾಕು. ಐದು ವಿಷಯ, ಐದು ವರ್ಷ, ಒಂಬತ್ತು ಅವಕಾಶ. ಎಲ್ಲವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ಈ ಸಲ ಎರಡು, ಮುಂದಿನ ಸಲ ಒಂದು. ಪಾಸಾದದ್ದು ಪಾಸಾಗಿಯೇ ಉಳಿಯುತ್ತದೆ. ಭಾಷಾ ವಿಷಯಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮರಾಠಿ ಮಾತಾಡಲು ಬಂದರೂ ಬರೆಯಲು ತಡವರಿಸುವ ಹುಡುಗಿಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಮಗು ದುಡಿದು ತರುತ್ತಿದ್ದ ಕೂಲಿ ನಿಂತರೆ ಮನೆ ನಡೆಯುವುದು ಹೇಗೆ? ತಂದೆ ಅಥವಾ ತಾಯಿ ತೀರಿಕೊಂಡಿದ್ದರೆ, ಗಂಭೀರ ಕಾಯಿಲೆಯಲ್ಲಿದ್ದರೆ, ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆಯಲ್ಲಿ 18 ತುಂಬುವವರೆಗೆ ಮಗುವಿಗೆ ತಿಂಗಳಿಗೆ 2,250 ರೂಪಾಯಿ ಸಿಗುತ್ತದೆ. ಆದೇಶ ಕೊಡುವುದು ಬಾಲ ಕಲ್ಯಾಣ ಸಮಿತಿ, ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಹಿಳಾ ಮತ್ತು ಬಾಲ ವಿಕಾಸ ಕಚೇರಿಗೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇಷ್ಟಕ್ಕೂ ಮೊದಲು ಬೇಕಾದದ್ದು ಊರಿನ ಟಿ.ಸಿ. ಹೊರ ರಾಜ್ಯಕ್ಕೆ ಒಯ್ಯುವುದಾದರೆ ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯನ್ನೂ ಹಾಕಿಸಿಕೊಂಡು ಬನ್ನಿ. ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ತಾಳೆಯಾಗುತ್ತವೆಯೇ ಅಂತ ಅಲ್ಲೇ ನಿಂತು ನೋಡಿ. ಜಾತ್ರೆಗೆ ಹೋದಾಗ ತಂದರಾಯಿತು ಅನ್ನಬೇಡಿ, ಅವತ್ತು ಶಾಲೆಗೂ ರಜೆ ಇರುತ್ತದೆ.